ಒಂದು ಕಡೆ ಅವಧಿ ಮುಗಿದ ಪೆಟ್ಟಿಗೆಗಳು, ಇನ್ನೊಂದು ಕಡೆ ಖಾಲಿ ಕಪಾಟು: ಇಂಡೆಂಟ್ ಹೇಗೆ ಹಾಕಲಿ?

ಪ್ರಶ್ನೆ:
ಸರ್ಕಾರಿ ಆಸ್ಪತ್ರೆಯೊಂದರ ಔಷಧಿ ಸ್ಟೋರ್‌ನಲ್ಲಿ ಫಾರ್ಮಸಿಸ್ಟ್ ಆಗಿದ್ದೇನೆ. ಸೇರಿ ಎಂಟು ತಿಂಗಳಾಯಿತು. ನಿನ್ನೆ ಸ್ಟಾಕ್ ಎಣಿಸುವಾಗ ಹಿಂದಿನ ಸಾಲಿನಲ್ಲಿದ್ದ ರಟ್ಟಿನ ಪೆಟ್ಟಿಗೆಗಳನ್ನು ಎಳೆದೆ. ಹನ್ನೊಂದು ಪೆಟ್ಟಿಗೆ ಸಿಪ್ರೊಫ್ಲಾಕ್ಸಾಸಿನ್ ಅನ್ನುವ ಆಂಟಿಬಯಾಟಿಕ್. ಅಂಟಿಸಿದ ಟೇಪ್ ಕೂಡ ಕಿತ್ತಿಲ್ಲ, ಅವಧಿ ಕಳೆದ ತಿಂಗಳೇ ಮುಗಿದಿದೆ. ಅದೇ ಹೊತ್ತಿಗೆ ಕಿಟಕಿಯಾಚೆ ಒಬ್ಬ ಅಜ್ಜಿ ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆಗೆ ಚೀಟಿ ಹಿಡಿದು ನಿಂತಿದ್ದರು. ಅದು ಮೂರು ವಾರದಿಂದ ಇಲ್ಲ. "ಮುಂದಿನ ವಾರ ಬನ್ನಿ ಅಜ್ಜಿ" ಅಂದೆ. ಹೋದ ವಾರವೂ ಇದನ್ನೇ ಹೇಳಿದ್ದೆ. ತುಂಬಾ ಸಂಕಟವಾಯಿತು.

ನಮ್ಮಲ್ಲಿ ಹೋದ ವರ್ಷದ ಇಂಡೆಂಟ್ (ಬೇಕಾದ ಔಷಧಿಗಳ ಬೇಡಿಕೆ ಪಟ್ಟಿ) ನೋಡಿ ಈ ವರ್ಷದ್ದನ್ನು ಬರೆಯುತ್ತಾರೆ. ಜನರ ದುಡ್ಡು ಹೀಗೆ ಹಾಳಾಗಬಾರದು. ಅನುಭವ ಇರುವವರು ದಾರಿ ತೋರಿಸಿ.

ಉತ್ತರ 1 (ನಿವೃತ್ತ ಸ್ಟೋರ್‌ಕೀಪರ್):
ಮೇಡಂ, ಇಂಡೆಂಟ್ ಪಕ್ಕಕ್ಕಿಡಿ, ಬಿನ್ ಕಾರ್ಡ್ ತೆಗೆಯಿರಿ, ಅಂದರೆ ಪ್ರತಿ ಔಷಧಿ ಎಷ್ಟು ಬಂತು, ಎಷ್ಟು ಹೋಯಿತು ಅಂತ ಬರೆದಿಡುವ ಕಾರ್ಡ್. ಎಷ್ಟು ಕೇಳಿದ್ದರು ಅನ್ನುವುದಲ್ಲ, ಎಷ್ಟು ಖರ್ಚಾಯಿತು ಅನ್ನುವುದು ಮುಖ್ಯ.

ಅಲ್ಲೂ ಒಂದು ತಪ್ಪಾಗುತ್ತದೆ, ನಾನೇ ಎಷ್ಟೋ ವರ್ಷ ಮಾಡಿದ್ದೇನೆ. ವರ್ಷಕ್ಕೆ 18,000 ಮಾತ್ರೆ ಹಂಚಿದ್ದೀರಿ ಅನ್ನಿ. 12ರಿಂದ ಭಾಗಿಸಿದರೆ ತಿಂಗಳಿಗೆ 1,500. ಆದರೆ ಮೂರು ತಿಂಗಳು ಸ್ಟಾಕೇ ಇರಲಿಲ್ಲ ಅಂದರೆ ಭಾಗಿಸಬೇಕಾದದ್ದು 9ರಿಂದ. ಆಗ 2,000 ಬರುತ್ತದೆ. ಬರಿಗೈಯಲ್ಲಿ ವಾಪಸ್ ಹೋದವರ ಲೆಕ್ಕ ಯಾವ ಪುಸ್ತಕದಲ್ಲೂ ಇರುವುದಿಲ್ಲ. ಹಾಗಾಗಿ ಕೊರತೆ ಬಿದ್ದ ಔಷಧಿ ಮುಂದಿನ ವರ್ಷ ಇನ್ನೂ ಕಡಿಮೆ ಬರುತ್ತದೆ. ನಿಮ್ಮ ಅಜ್ಜಿಗೆ ಆಗಿರುವುದು ಇದೇ ಇರಬೇಕು.

ಜೋಡಿಸುವಾಗ, ಮೊದಲು ಬಂದದ್ದಲ್ಲ, ಮೊದಲು ಅವಧಿ ಮುಗಿಯುವುದು ಮುಂದಿರಲಿ. ಆರು ತಿಂಗಳು ಉಳಿದಿರುವಾಗಲೇ ಹೆಚ್ಚಿರುವುದನ್ನು ಬೇರೆ ಆಸ್ಪತ್ರೆಗೆ ಕೊಡಲು ಅನುಮತಿ ಕೇಳಿ. ಒಂದೇ ತಿಂಗಳು ಉಳಿದ ಮಾಲನ್ನು ಯಾರೂ ತೆಗೆದುಕೊಳ್ಳುವುದಿಲ್ಲ.

ಉತ್ತರ 2 (ಲಸಿಕೆ ವಿಭಾಗದ ನರ್ಸ್):
ಬಿಸಾಡಿದ್ದೆಲ್ಲ ಪೋಲು ಅಲ್ಲ, ಇದನ್ನು ದಯವಿಟ್ಟು ನೆನಪಿಡಿ. ಕ್ಷಯರೋಗ ತಡೆಯುವ ಬಿಸಿಜಿ ಲಸಿಕೆಯ ವಯಲ್‌ಗೆ (ಹಲವು ಮಕ್ಕಳಿಗೆ ಸಾಕಾಗುವ ಪುಟ್ಟ ಸೀಸೆ) ದ್ರಾವಣ ಬೆರೆಸಿದ ಮೇಲೆ ನಾಲ್ಕು ಗಂಟೆಯೊಳಗೆ ಬಳಸಬೇಕು, ಉಳಿದದ್ದನ್ನು ಚೆಲ್ಲಬೇಕು. ಆದರೂ ಒಂದೇ ಮಗು ಬಂದರೂ ನಾನು ಹೊಸ ವಯಲ್ ಒಡೆಯುತ್ತೇನೆ. "ಪೋಲು ಜಾಸ್ತಿ" ಅಂತ ಮೇಲಿನವರು ಬೈದಿದ್ದಾರೆ. ಆ ತಾಯಿ ಇನ್ನೊಂದು ಸಲ ಬರುತ್ತಾಳೆ ಅಂತ ಯಾರು ಹೇಳಬಲ್ಲರು?

ನನಗೆ ಹೊಟ್ಟೆ ಉರಿಯುವುದು ಬೇರೆ ಕಾರಣಕ್ಕೆ. ಫ್ರಿಜ್ಜಿನೊಳಗೆ 2ರಿಂದ 8 ಡಿಗ್ರಿ ಇರಬೇಕು. ಪೆಂಟಾವೇಲೆಂಟ್, ಹೆಪಟೈಟಿಸ್ ಬಿ ಲಸಿಕೆಗಳನ್ನು ತಣ್ಣಗಿನ ಗೋಡೆಗೆ ಒತ್ತಿ ಇಟ್ಟು, ಹೆಪ್ಪುಗಟ್ಟಿಸಿ ಹಾಳು ಮಾಡುತ್ತಾರಲ್ಲ, ಅದು ನಿಜವಾದ ಪೋಲು. ದಿನಕ್ಕೆ ಎರಡು ಸಲ ತಾಪಮಾನ ನೋಡಿ ಬರೆದರೆ ಸಾಕು, ತಪ್ಪಿಸಬಹುದು.

ಉತ್ತರ 3 (ವಾರ್ಡ್ ಡಾಕ್ಟರ್):
ನಮ್ಮ ಕಡೆಯ ತಪ್ಪನ್ನೂ ಹೇಳಿಬಿಡುತ್ತೇನೆ. ಚೆನ್ನಾಗಿ ಊಟ ಮಾಡುತ್ತಿರುವ ರೋಗಿಗೂ ಪ್ಯಾರಾಸಿಟಮಾಲ್ ಅನ್ನು ರಕ್ತನಾಳಕ್ಕೆ ಕೊಡುತ್ತೇವೆ. ಮಾತ್ರೆ ಸಾಕಿತ್ತು. ವಿಶ್ವ ಆರೋಗ್ಯ ಸಂಸ್ಥೆಯ 2010ರ ವರದಿ, ಆರೋಗ್ಯಕ್ಕೆ ಖರ್ಚಾಗುವ ಹಣದಲ್ಲಿ ನೂರಕ್ಕೆ 20ರಿಂದ 40ರಷ್ಟು ಪೋಲಾಗುತ್ತದೆ ಅಂತ ಅಂದಾಜು ಮಾಡಿತ್ತು. ಅದು ಕೊಟ್ಟ ಹತ್ತು ಮುಖ್ಯ ಕಾರಣಗಳಲ್ಲಿ ಮೂರು ಔಷಧಿಗೆ ಸೇರಿದವು. ಸಿಪ್ರೊಫ್ಲಾಕ್ಸಾಸಿನ್ ಉಳಿದಿದೆ ಅಂತ ನಮಗೆ ಯಾರೂ ಹೇಳಿರುವುದಿಲ್ಲ. ಹಾಗಂತ ಖಾಲಿ ಮಾಡಲು ಬರೆಯುವುದೂ ಸರಿಯಲ್ಲ, ಆಂಟಿಬಯಾಟಿಕ್ ಅಲ್ವಾ? ಆದರೆ ವಾರಕ್ಕೊಮ್ಮೆ ಏನಿದೆ, ಏನಿಲ್ಲ ಅಂತ ಒಂದು ಹಾಳೆ ವಾರ್ಡ್‌ಗೆ ಕಳಿಸಿ. ಇಲ್ಲದ ಔಷಧಿ ಬರೆದು ರೋಗಿಯನ್ನು ಸುಮ್ನೆ ಅಲೆಸುವುದು ತಪ್ಪುತ್ತದೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದ. ಸರ್, ನೀವು ಹೇಳಿದಂತೆ ರಾತ್ರಿ ಕೂತು ಮೆಟ್‌ಫಾರ್ಮಿನ್ ಕಾರ್ಡ್ ಲೆಕ್ಕ ಹಾಕಿದೆ. ವರ್ಷದಲ್ಲಿ 74 ದಿನ ಸ್ಟಾಕ್ ಸೊನ್ನೆ. ಹಂಚಿದ್ದು 43,650 ಮಾತ್ರೆ. 365ರಿಂದ ಭಾಗಿಸಿದರೆ ದಿನಕ್ಕೆ ಸುಮಾರು 120, ಇದ್ದ 291 ದಿನಕ್ಕೆ ಭಾಗಿಸಿದರೆ 150. ನಾವು ಇಷ್ಟು ದಿನ 120ರ ಲೆಕ್ಕದಲ್ಲೇ ಕೇಳುತ್ತಿದ್ದೆವು.

ಕಿಟಕಿ ಪಕ್ಕ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಔಷಧಿ ಸಿಗದೆ ಹೋದವರ ಚೀಟಿಯಲ್ಲಿದ್ದ ಔಷಧಿ, ಎಷ್ಟು ಮಾತ್ರೆ, ತಾರೀಕು ಬರೆಯುತ್ತಿದ್ದೇನೆ. ಇವತ್ತು ಮಧ್ಯಾಹ್ನದೊಳಗೆ ಹದಿನಾಲ್ಕು ಸಾಲು ತುಂಬಿತು. ಇದನ್ನು ಇಂಡೆಂಟ್ ಜೊತೆ ಲಗತ್ತಿಸಿದರೆ ಒಪ್ಪುತ್ತಾರಾ, ಅಥವಾ ಡಾಕ್ಟರ ಸಹಿ ಬೇಕಾಗುತ್ತದಾ?