ಸಿಯಾಟಲ್ ಮಳೆ, ಮನೆಯಡಿಯ ಕ್ರಾಲ್ ಸ್ಪೇಸ್: ತೇವ ತಡೆಯುವುದು ಹೇಗೆ?

ತೀರ್ಥಹಳ್ಳಿಯವಳು: ನಮಸ್ಕಾರ. ಸಿಯಾಟಲ್ ಪಕ್ಕದ ಬಾತೆಲ್‌ನಲ್ಲಿ ಹಳೆಯ ಮರದ ಮನೆ ಕೊಂಡಿದ್ದೇವೆ. ನೆಲದ ಕೆಳಗೆ ತೆವಳಿಕೊಂಡು ಹೋಗುವಷ್ಟೇ ಜಾಗ. ನವೆಂಬರ್ ಮಳೆ ಹಿಡಿದಾಗಿನಿಂದ ಮುಗ್ಗಲು ವಾಸನೆ ಮೇಲಕ್ಕೆ ಬರುತ್ತಿದೆ. ನೆಲದಡಿಗೆ ಹಾಕಿದ್ದ ಫೈಬರ್‌ಗ್ಲಾಸ್ ಜೋತುಬಿದ್ದಿದೆ, ಮಣ್ಣಿನ ಮೇಲಿನ ಪ್ಲಾಸ್ಟಿಕ್ ಹಾಳೆ ಹರಿದಿದೆ. ನೆಲ ಚಳಿಗೆ ಕೊರೆಯುತ್ತದೆ, ಅತ್ತೆಗೆ ಕಾಲು ನೋವು. ಮೊದಲು ಇನ್ಸುಲೇಷನ್ (ಚಳಿ ತಡೆಯುವ ಹೊದಿಕೆ) ಹಾಕಿಸಲಾ?

ಟಕೋಮಾ ಕನ್ನಡಿಗ: ಬೇಡ ಮೇಡಂ. ಮೊದಲು ನೀರು, ಆಮೇಲೆ ಇನ್ಸುಲೇಷನ್. ಮಳೆ ಸುರಿಯುವಾಗಲೇ ಮನೆಗೆ ಒಂದು ಸುತ್ತು ಬನ್ನಿ. ಸೂರಿನ ನೀರು ಗೋಡೆ ಬುಡಕ್ಕೇ ಬೀಳುತ್ತಿದ್ದರೆ ಪೈಪ್ ದೂರಕ್ಕೆ ಎಳೆಸಿ. ಬಟ್ಟೆ ಡ್ರೈಯರ್ ಪೈಪ್ ಕಳಚಿಕೊಂಡು ಕೆಳಗೇ ಹಬೆ ಬಿಡುತ್ತಿದೆಯಾ ನೋಡಿ. ಇದನ್ನು ಯಾರೂ ಗಮನಿಸುವುದೇ ಇಲ್ಲ! ಆಮೇಲೆ ಮಣ್ಣಿನ ಮೇಲೆ 6 ಮಿಲ್ (ಸುಮಾರು 0.15 ಮಿ.ಮೀ.) ದಪ್ಪದ ಕಪ್ಪು ಪಾಲಿಥೀನ್. ಹಾಳೆಗಳು 12 ಇಂಚು ಒಂದರ ಮೇಲೊಂದು ಬರಬೇಕು, ಗೋಡೆವರೆಗೂ ಮುಟ್ಟಬೇಕು. ಮಣ್ಣು ಒಣಗಿದಂತೆ ಕಂಡರೂ ತೇವ ಬಿಡುತ್ತಲೇ ಇರುತ್ತದೆ.

ಅಟ್ಲಾಂಟಾದಿಂದ: ನಾವು ನೆಲದಡಿಯ ವೆಂಟ್ (ಗಾಳಿಕಿಂಡಿ) ಎಲ್ಲ ಮುಚ್ಚಿಸಿ, ಗಾಳಿಯ ತೇವ ಹೀರುವ ಡಿಹ್ಯುಮಿಡಿಫೈಯರ್ ಇಟ್ಟೆವು. ಚೆನ್ನಾಗಿದೆ.

ಟಕೋಮಾ ಕನ್ನಡಿಗ: ನಿಮ್ಮಲ್ಲಿ ಅದೇ ಸರಿ ಸರ್, ಬೇಸಿಗೆ ಗಾಳಿಯಲ್ಲೇ ತೇವ ಜಾಸ್ತಿ ಅಲ್ವಾ. ಇಲ್ಲಿ ಜುಲೈ, ಆಗಸ್ಟ್ ಒಣ. ವೆಂಟ್ ತೆರೆದಿದ್ದರೆ ಮರ ಒಣಗುತ್ತದೆ. ಇನ್ಸುಲೇಷನ್ ನೆಲದ ಹಲಗೆಗೆ ಕೆಳಗಿನಿಂದ ಒತ್ತಿ ಕೂರಬೇಕು, ಕಾಗದದ ಬದಿ ಮೇಲಕ್ಕೆ. ಸಂದು ಬಿಟ್ಟರೆ ನೆಲ ತಣ್ಣಗೇ ಇರುತ್ತದೆ. ತೊಲೆಯ ತೇವ 20% ದಾಟಿದ್ದರೆ ಒಣಗುವವರೆಗೂ ಇನ್ಸುಲೇಷನ್ ಹಾಕಿ ಮುಚ್ಚಿಸಬೇಡಿ, ಮರ ಕೊಳೆಯುತ್ತದೆ.

ತೀರ್ಥಹಳ್ಳಿಯವಳು: ತುಂಬಾ ಥ್ಯಾಂಕ್ಸ್. ತೇವ ಅಳೆಯುವ ಮೀಟರ್ ಎಲ್ಲಿ ಸಿಗುತ್ತದೆ?

ಟಕೋಮಾ ಕನ್ನಡಿಗ: ಹಾರ್ಡ್‌ವೇರ್ ಅಂಗಡಿಯಲ್ಲೇ. ಮರಕ್ಕೆ ಚುಚ್ಚುವ ಎರಡು ಮುಳ್ಳಿನದು ಕೇಳಿ.