ಕೊಲಂಬಸ್‌ಗೆ ಹೋಗಬೇಕೋ ಬ್ಯಾಡೋ? (ಇಂಡಿಯಾನಾದ್ದು, ಒಹಾಯೊದ್ದಲ್ಲ)

ಧಾರವಾಡದಾಕಿ, ಎಡಿಸನ್, ನ್ಯೂಜೆರ್ಸಿ
ಎಲ್ಲಾರಿಗೂ ನಮಸ್ಕಾರ್ರೀ. ನಮ್ಮ ಮನಿಯವರಿಗೆ ಕಮ್ಮಿನ್ಸ್ ಅನ್ನೂ ಡೀಸೆಲ್ ಎಂಜಿನ್ ಕಂಪನ್ಯಾಗ ಕೆಲಸ ಸಿಕ್ಕೈತಿ, ಜುಲೈಕ್ಕ ಸೇರಬೇಕು. ಊರು ಇಂಡಿಯಾನಾದ ಕೊಲಂಬಸ್. ಆರು ವರ್ಷ ಎಡಿಸನ್‌ದಾಗ ಇದ್ದವರು ನಾವು, ಇಲ್ಲೆ ಹೊರಗ ಕಾಲಿಟ್ರ ನಾಕು ಮಂದಿ ನಮ್ಮವರ ಸಿಗ್ತಾರ. ಆ ಊರಾಗ ಒಟ್ಟು ಮಂದೀನ ಐವತ್ತು ಸಾವಿರ ಅಂತ. ಮಗಳಿಗೆ 9, ಮಗಗ 4. ಮೊನ್ನೆ ಮಗಳು "ಅವ್ವಾ, ಆ ಸಾಲ್ಯಾಗ ನನ್ನಂಥವರು ಯಾರರ ಇರ್ತಾರೇನು?" ಅಂತ ಕೇಳಿದ್ಲು. ಏನ್ ಹೇಳಬೇಕೋ ತಿಳೀಲಿಲ್ಲ. ಅವತ್ತಿಂದ ನಿದ್ದಿ ಹತ್ತವಲ್ದು. ನಂದು ಎರಡ ಪ್ರಶ್ನಿ. ಊರಾಗ ಮನಿ ಹಿಡೀಬೇಕೋ, ಇಂಡಿಯಾನಾಪೊಲಿಸ್ ಕಡೆ ಗ್ರೀನ್‌ವುಡ್‌ದಾಗ ಇದ್ದು ಇವರು ದಿನಾ ಓಡಾಡಬೇಕೋ? ಸಾಲಿ ಹೆಂಗದಾವ? ಗೊತ್ತಿದ್ದವರು ಹೇಳ್ರಿ.

ಮಂಡ್ಯ ಗೌಡ, ಡಲ್ಲಾಸ್
ತಂಗೀ, ಯೋಚ್ನೆ ಮಾಡ್ಬ್ಯಾಡ. ನಾವೂ 2004ರಲ್ಲಿ ಐಯೋವಾದ ಒಂದು ಚಿಕ್ಕ ಊರಲ್ಲಿದ್ವಿ. ಮೊದಲ ಚಳಿಗಾಲ ನಾನು ಆಫೀಸಿಗೆ ಹೋಗಿದ್ದಾಗ ಪಕ್ಕದ ಮನೆ ಅಜ್ಜ ನಮ್ಮ ಬಾಗಿಲ ಮುಂದಿನ ಹಿಮ ಎಲ್ಲಾ ಎತ್ತಿ ಹಾಕಿದ್ರು, ಹೇಳೂ ಇಲ್ಲ ಕೇಳೂ ಇಲ್ಲ. ಅಂಥ ಜನ. ಆದ್ರೂ ನನ್ನ ಹೆಂಡ್ತಿ ಎರಡು ವರ್ಷ ಒಂಟಿಯಾಗಿ ಅತ್ತಿದ್ದು ನನಗೆ ಈಗ ಅರ್ಥ ಆಗ್ತಾ ಐತೆ. ಡಲ್ಲಾಸ್‌ಗೆ ಬಂದ್ಮೇಲೆ ಮಗಳು ಭರತನಾಟ್ಯ ಕಲಿತ್ಲು, ಹೋದ ವರ್ಷ ರಂಗಪ್ರವೇಶ ಆಯ್ತು, ಊರಿಂದ ನಮ್ಮವ್ವ ಬಂದು ಮುಂದಿನ ಸಾಲಲ್ಲಿ ಕೂತಿದ್ರು. ಆಗೋದಾದ್ರೆ ಇಲ್ಲಿಗೇ ಬಂದ್ಬುಡಿ.

ಬಸವನಗುಡಿ, 1989ರಿಂದ ಷಿಕಾಗೊ
ಅಮ್ಮಾ, ಎಡಿಸನ್ನೋ ಕೊಲಂಬಸ್ಸೋ ಅನ್ನೋದು ಪ್ರಶ್ನೆಯೇ ಅಲ್ಲ. ಮಗಳಿಗೆ ಹನ್ನೆರಡು ತುಂಬುವ ಮುಂಚೆ ಊರಿಗೆ ಹೊರಟುಬಿಡಿ. ನಾನೂ ಪ್ರತಿ ವರ್ಷ "ಮುಂದಿನ ವರ್ಷ" ಅಂದುಕೊಂಡೇ ಇದ್ದವನು. ನಮ್ಮ ತಾಯಿ ಕೊನೆಯ ಸಲ ಹಾಸಿಗೆ ಹಿಡಿದಾಗ ಮಗನನ್ನು ಕರೆದುಕೊಂಡು ಹೋದೆ. ಅವರು ಅವನ ಕೈ ಹಿಡಿದು "ಊಟ ಆಯ್ತಾ ಮಗು?" ಅಂತ ಕೇಳಿದರು. ಅವನಿಗೆ ಅರ್ಥವಾಯಿತು, ಆದರೆ ಬಾಯಿಗೆ ಒಂದು ಪದ ಬರಲಿಲ್ಲ. ತಲೆಯಾಡಿಸಿದ. ಅಮ್ಮನಿಗೆ ಆಗಲೇ ಕಣ್ಣು ಕಾಣುತ್ತಿರಲಿಲ್ಲ. ಇದಕ್ಕಿಂತ ಬೇರೆ ಸಲಹೆ ನನ್ನ ಹತ್ತಿರ ಇಲ್ಲ.

ಶಿವಮೊಗ್ಗ, ಸಿಯಾಟಲ್
ಸರ್, ಓದಿ ಕಣ್ಣು ತುಂಬಿತು. ಆದರೂ ಹೇಳಲೇಬೇಕು, ನಾವು ಹಾಗೆ ವಾಪಸ್ ಹೋದವರೇ. 2016ರಲ್ಲಿ ಸರ್ಜಾಪುರ ರಸ್ತೆಯ ಅಪಾರ್ಟ್‌ಮೆಂಟ್. ಮಕ್ಕಳು ಕೆಳಗೆ ಆಡಿದ್ದು ಇಂಗ್ಲಿಷ್, ಹಿಂದಿ. ಮೂರು ವರ್ಷದಲ್ಲಿ ಅವರ ಕನ್ನಡ ಒಂದು ಹೆಜ್ಜೆಯೂ ಮುಂದೆ ಹೋಗಲಿಲ್ಲ, ತಿರುಗಿ ಬಂದೆವು.

ಬಸವನಗುಡಿ, ಷಿಕಾಗೊ
ಅದು ಬೆಂಗಳೂರಿನ ತಪ್ಪು. ಮೈಸೂರಿಗೆ ಹೋಗಬೇಕಿತ್ತು.

ಕುಂದಾಪುರ, ಟೊರೊಂಟೊ
ಊರು ಯಾವುದಾದರೇನು? ಹೊಸ್ತಿಲು ದಾಟಿ ಒಳಗೆ ಬಂದ ಮೇಲೆ ಇಂಗ್ಲಿಷ್ ಇಲ್ಲ, ನಮ್ಮ ಮನೆಯಲ್ಲಿ ಅಷ್ಟೇ ನಿಯಮ. ಮೊದಲಿಂದ ಇದನ್ನೇ ಹೇಳುತ್ತಾ ಬಂದಿದ್ದೇನೆ.

ಬೆಳಗಾವಿ, ಕೊಲಂಬಸ್ (ಇಂಡಿಯಾನಾ)
ಅಕ್ಕಾರ, ನಾ ಇದ ಊರಾಗ ಇರಾಂವ. ಪುಣೆದ ಕಮ್ಮಿನ್ಸ್‌ದಾಗ ಕೆಲಸ ಮಾಡಿ 2013ಕ್ಕ ಇಲ್ಲಿಗೆ ಬಂದೆ. ಮೊದಲ ಉತ್ತರ: ಊರಾಗ ಮನಿ ಹಿಡೀರಿ. ಇಂಡಿಯಾನಾಪೊಲಿಸ್ ಇಲ್ಲಿಂದ 45 ಮೈಲಿ, ಐ-65 ಮ್ಯಾಲೆ ಬರೇ ಟ್ರಕ್ಕು, ಹಿಮ ಬಿದ್ದ ದಿನ ಮನಿಯವರು ಮುಟ್ಟೂತನಕ ನೀವು ಕಿಟಕ್ಯಾಗ ನಿಂದರಬೇಕಾಗ್ತದ. ಗ್ರೀನ್‌ವುಡ್ ನಡುವ ಬರ್ತೈತಿ ಖರೆ, ಆದ್ರ ಅಪ್ಪನ ಆಫೀಸು ಒಂದೂರಾಗ, ಮಗಳ ಗೆಳತ್ಯಾರು ಇನ್ನೊಂದೂರಾಗ ಆದ್ರ ಯಾವೂರೂ ನಿಮ್ಮದಾಗೂದಿಲ್ಲ.

ಸಾಲಿ ವಿಷಯ ಜರಾ ಉದ್ದ ಬರೀತೀನಿ, ಯಾಕಂದ್ರ ಈ ಊರಿನ ಕಥೀನ ಸಾಲೀದು. 1821ರಾಗ ಹುಟ್ಟಿದ ಊರು, ಸುತ್ತ ಗೋವಿನಜೋಳದ ಹೊಲ. ಕ್ಲೆಸ್ಸಿ ಕಮ್ಮಿನ್ಸ್ ಅನ್ನಾಂವ ಇಲ್ಲಿ ಸಾಹುಕಾರ್ ಅರ್ವಿನ್ ಮನ್ಯಾಗ ಕಾರ್ ಡ್ರೈವರ್ ಇದ್ದ. ಅವನ ಕೈಗುಣ ನೋಡಿ ಅರ್ವಿನ್ ರೊಕ್ಕ ಹಾಕಿದ, 1919ಕ್ಕ ಕಂಪನಿ ಸುರು ಆತು. 1937ರತನಕ ಲಾಭಾನ ಇಲ್ಲ, ಆದ್ರೂ ಕೈ ಬಿಡಲಿಲ್ಲ. 1931ರಾಗ ಇವರ ಡೀಸೆಲ್ ಕಾರು ಇಂಡಿಯಾನಾಪೊಲಿಸ್ ರೇಸಿನ 500 ಮೈಲಿ ಒಮ್ಮಿನೂ ನಿಲ್ಲದ ಓಡಿತ್ತು.

ಯುದ್ಧ ಮುಗಿದ ಮ್ಯಾಲೆ ಮಕ್ಕಳು ಹೆಚ್ಚಾದ್ರು, ಗಡಿಬಿಡಿಲೇ ಕಟ್ಟಿದ ಸಾಲಿ ಛಲೋ ಆಗಲಿಲ್ಲ. ಆಗ ಕಂಪನಿ ನಡಸ್ತಿದ್ದ ಜೆ. ಅರ್ವಿನ್ ಮಿಲ್ಲರ್ ಒಂದು ಮಾತು ಹೇಳಿದ್ರು. ಒಳ್ಳೆ ಆರ್ಕಿಟೆಕ್ಟ್‌ಗಳ ಪಟ್ಟಿ ಕೊಡ್ತೀವಿ, ಅದರಾಗ ಒಬ್ಬರನ್ನ ಆರಿಸಿಕೊಂಡ್ರ ಅವರ ಫೀ ನಮ್ಮ ಫೌಂಡೇಶನ್ ಕೊಡ್ತೈತಿ ಅಂತ. 1957ಕ್ಕ ಹ್ಯಾರಿ ವೀಸ್ ಕಡೆಯಿಂದ ಶ್ಮಿಟ್ ಪ್ರಾಥಮಿಕ ಶಾಲೆ ಆತು. ಅಲ್ಲಿಂದ ಒಂದರ ಹಿಂದ ಒಂದು ಸಾಲಿ, ಅಗ್ನಿಶಾಮಕ ಠಾಣೆ ಸೈತ. 1960ರ ಮ್ಯಾಕ್‌ಡೊವೆಲ್ ಸಾಲಿ ಇವತ್ತು ರಾಷ್ಟ್ರೀಯ ಐತಿಹಾಸಿಕ ಸ್ಮಾರಕ. ಈಗ ಅಲ್ಲಿ ದೊಡ್ಡವರು ಕಲೀತಾರ, ನಮ್ಮ ಮನಿಯಾಕಿ ಇಂಗ್ಲಿಷ್ ಕಲ್ತದ್ದೂ ಅಲ್ಲೇ. ಮಿಲ್ಲರ್ ಲೆಕ್ಕ ನನಗ ಭಾಳ ಹಿಡಸ್ತೈತಿ: ಛಲೋ ಎಂಜಿನಿಯರ್ ಈ ಸಣ್ಣ ಊರಿಗೆ ಬರಬೇಕಂದ್ರ, ಅವರ ಮಕ್ಕಳಿಗೆ ಛಲೋ ಊರು ಬೇಕು. ಅಂದ್ರ ಅಕ್ಕಾರ, ನಿಮ್ಮ ಮಗಳಂಥ ಹೊರಗಿಂದ ಬರೂ ಮಕ್ಕಳನ್ನ ಮನಸ್ಸಿನ್ಯಾಗ ಇಟ್ಟುಕೊಂಡ ಈ ಸಾಲಿ ಎದ್ದಾವ.

ನಿಮ್ಮ ಮಗಳಿಗೆ ಹೇಳ್ರಿ, ನನ್ನ ಮಗನ ಕ್ಲಾಸಿನ್ಯಾಗ ನಮ್ಮ ದೇಶದವರು ಇಬ್ಬರಿದ್ರು. ಜಪಾನಿ ಫ್ಯಾಕ್ಟರಿಗಳೂ ಇಲ್ಲಿ ಇರೂದ್ರಿಂದ ಜಪಾನಿ ಹುಡುಗ ಇದ್ದ, ಮೆಕ್ಸಿಕೊ ಮಕ್ಕಳಿದ್ರು. ತುಂಬಾ ಅಲ್ಲ, ಆದ್ರ ಒಬ್ಬಾಕಿನ ಆಗೂದಿಲ್ಲ.

ಮರೀಬ್ಯಾಡ್ರಿ: ಇಲ್ಲಿ ಸಾಲಿ ಆಗಸ್ಟ್ ಮೊದಲಿಗೇ ಸುರು, ನ್ಯೂಜೆರ್ಸಿ ಗತೆ ಸಪ್ಟೆಂಬರ್ ಅಲ್ಲ. ಮನಿ ಕರಾರಿಗೆ ಸಹಿ ಹಾಕೂ ಮೊದಲ ಆ ವಿಳಾಸಕ್ಕ ಯಾವ ಸಾಲಿ ಬರ್ತೈತಿ ಅಂತ ಶಾಲಾ ಕಚೇರಿಗೆ ಫೋನ್ ಮಾಡಿ ಕೇಳ್ರಿ. 2008ರ ಜೂನಿಗೆ ಹಾ ಕ್ರೀಕ್ ಹಳ್ಳ ಉಕ್ಕಿ ದವಾಖಾನಿನ ತಿಂಗಳುಗಟ್ಟಲೆ ಮುಚ್ಚಿತ್ತು, ಅದಕ್ಕ ಹಳ್ಳದ ಸಮೀಪ ಮನಿ ಇದ್ರ ನೀರು ಬಂದಿತ್ತೇನು ಅಂತ ಕೇಳಬೇಕು. ಕನ್ನಡ ಕ್ಲಾಸು ಇಲ್ಲ, ನನಗ ಗೊತ್ತಿದ್ದ ಕನ್ನಡ ಮನಿ ಐದು. ಯುಗಾದಿ ಯಾರರ ಒಬ್ಬರ ಮನ್ಯಾಗ ಆಗ್ತೈತಿ. ಜ್ವಾಳದ ಹಿಟ್ಟಿಗೆ ಇಂಡಿಯಾನಾಪೊಲಿಸ್.

ಇನ್ನೊಂದು. ನಮ್ಮ ಜಿಲ್ಲಾದ ಗುರ್ಲಹೊಸೂರಿನ್ಯಾಗ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ಕ್ಕ ಬೆಳಗಾವಿಯೊಳಗ ಸೈಕಲ್ ಅಂಗಡಿ ತಗದಿದ್ರು. ಅದ ಮನೆತನ 1962ಕ್ಕ ಈ ಕಮ್ಮಿನ್ಸ್ ಜೋಡಿ ಕೂಡಿ ಪುಣೆದಾಗ ಕಿರ್ಲೋಸ್ಕರ್ ಕಮ್ಮಿನ್ಸ್ ಕಂಪನಿ ಕಟ್ಟಿತು. ನಾ ಇಲ್ಲಿಗೆ ಬಂದ ದಾರಿ ಆ ಸೈಕಲ್ ಅಂಗಡಿಯಿಂದ ಸುರು ಆಗ್ತೈತಿ ಅಂತ ನನಗ ಯಾವಾಗಲೂ ಅನಸ್ತೈತಿ.

ಬಸವನಗುಡಿ, ಷಿಕಾಗೊ
ಕಟ್ಟಡ ಎಷ್ಟು ಚೆನ್ನಾಗಿದ್ದರೂ ಅದು ಅಜ್ಜಿಯ ಜೊತೆ ಮಾತಾಡಲು ಕಲಿಸುವುದಿಲ್ಲ.

ಶಿವಮೊಗ್ಗ, ಸಿಯಾಟಲ್
ಸರ್, ಅವರು ಕೇಳಿದ್ದು ಮನೆ ಎಲ್ಲಿ ಹಿಡಿಯಬೇಕು ಅಂತ.

ಹಾಸನ, ಫೀನಿಕ್ಸ್
ಹಿರಿಯರು ಹೇಳುತ್ತಿರುವುದು ನಿಜ. ನನ್ನ ಮಗಳು ಕಾಲೇಜಿಗೆ ಹೋದ ಮೇಲೆ ಮನೆಯಲ್ಲಿ ಕನ್ನಡ ನಾನೂ ನನ್ನ ಗಂಡನೂ ಮಾತ್ರ. ಈಗ ಅವಳೇ "ಯಾಕಮ್ಮಾ ನನಗೆ ಓದೋಕೆ ಕಲಿಸಲಿಲ್ಲ?" ಅಂತ ಕೇಳುತ್ತಾಳೆ. ಏನು ಹೇಳಲಿ?

ಮಂಡ್ಯ ಗೌಡ, ಡಲ್ಲಾಸ್
ವಾಪಸ್ ಹೋಗೋದು ಅಷ್ಟು ಸುಲಭ ಅಲ್ಲ ಸಾರ್. ಜಮೀನು ನೋಡ್ಕೊಳ್ಳೋ ತಮ್ಮ ಇದ್ದಾನೆ, ಅವನ ಸಂಸಾರ ಐತೆ. ನಾವು ಹೋಗಿ ಎಲ್ಲಿ ನಿಲ್ಲೋದು?

ಬಸವನಗುಡಿ, ಷಿಕಾಗೊ
ಗೌಡರೇ, ಆ ಮಾತನ್ನು ನಾನೂ ಇಪ್ಪತ್ತು ವರ್ಷ ಆಡಿದೆ.

ಧಾರವಾಡದಾಕಿ, ಎಡಿಸನ್
ಎಲ್ಲಾರದೂ ಓದಿದೆ. ಬಸವನಗುಡಿ ಅಜ್ಜಾರ, ನಿಮ್ಮ ಮಾತು ಓದಿ ರಾತ್ರೀನ ನಮ್ಮವ್ವಗ ಫೋನ್ ಹಚ್ಚಿ ಮಗಳ ಕೈಯಾಗ ಕೊಟ್ಟೆ, ಅರ್ಧಾ ತಾಸು ಮಾತಾಡಿದ್ಲು. ಬೆಳಗಾವಿ ಅಣ್ಣಾರ, ನಿಮ್ಮ ಉತ್ತರ ಮಗಳಿಗೆ ಓದಿ ಹೇಳಿದೆ. "ಆ ಜಪಾನಿ ಹುಡುಗ ಈಗೂ ಅದ ಸಾಲ್ಯಾಗ ಇದ್ದಾನೇನು?" ಅಂತ ಕೇಳಾಕತ್ತಾಳ. ಬರೂ ತಿಂಗಳ ಮೂರನೇ ಶನಿವಾರ ಮನಿ ನೋಡಾಕ ಬರ್ತೀವಿ. ಹಾ ಕ್ರೀಕ್ ಬಿಟ್ಟು ಯಾವ ಕಡೆ ಹುಡುಕಬೇಕು?

ಬೆಳಗಾವಿ, ಕೊಲಂಬಸ್
ಆ ಹುಡುಗ ದೊಡ್ಡಾಂವ ಆಗ್ಯಾನ ಅಕ್ಕಾರ, ಅವನ ತಂಗಿ ಐದನೇ ಕ್ಲಾಸಿನ್ಯಾಗ ಇದ್ದಾಳ. ಶನಿವಾರ ಮೊದಲ ಲೈಬ್ರರಿಗೆ ಬರ್ರಿ. ಐ. ಎಂ. ಪೇ ಅನ್ನೂ ಆರ್ಕಿಟೆಕ್ಟ್ 1969ಕ್ಕ ಕಟ್ಟಿದ್ದು, ಮುಂದ ಹೆನ್ರಿ ಮೂರ್ ಮಾಡಿದ ದೊಡ್ಡ ಕಂಚಿನ ಕಮಾನು ಐತಿ, ಮಕ್ಕಳು ಅದರ ಕೆಳಗ ಓಡಾಡ್ತಿರ್ತಾವ. ಅಲ್ಲಿಂದ ನಾನ ಗಾಡಿಯೊಳಗ ಓಣಿ ಓಣಿ ತೋರಸ್ತೀನಿ. ಮಧ್ಯಾಹ್ನ ಊಟ ನಮ್ಮ ಮನ್ಯಾಗ, ನಮ್ಮಾಕಿ ರೊಟ್ಟಿ ಮಾಡಾಕತ್ತಾಳ. ಹಿಟ್ಟು ಒಂದು ಚೀಲ ಎಡಿಸನ್‌ದಿಂದ ತರ್ರಿ.