ಕೇಪ್ ಬ್ರೆಟನ್ ಯೂನಿವರ್ಸಿಟಿ ಎಂಥದ್ದು? ಬಲ್ಲವರು ತಿಳಿಸಿ

ಹಾಸನದಿಂದ, ಪ್ರಶ್ನೆ

ಮಗಳು ಬಿ.ಕಾಂ. ಮುಗಿಸಿದ್ದಾಳೆ. ಕೆನಡಾದ ನೋವಾ ಸ್ಕೋಷಿಯಾ ಪ್ರಾಂತ್ಯದ ಸಿಡ್ನಿ ಎಂಬ ಊರಿನಲ್ಲಿರುವ ಕೇಪ್ ಬ್ರೆಟನ್ ಯೂನಿವರ್ಸಿಟಿಗೆ ಅರ್ಜಿ ಹಾಕುವ ಯೋಚನೆ. ಬಿಸಿನೆಸ್ ಮ್ಯಾನೇಜ್‌ಮೆಂಟಿನಲ್ಲಿ ಪೋಸ್ಟ್ ಬ್ಯಾಕಲೋರಿಯೆಟ್ ಡಿಪ್ಲೊಮಾ ಅಥವಾ ಎಂಬಿಎ, ಇವೆರಡರಲ್ಲಿ ಒಂದು. ಏಜೆಂಟ್ ಬಾಯಲ್ಲಿ ಫೀಸು, ವೀಸಾ ಬಿಟ್ಟರೆ ಬೇರೆ ಮಾತಿಲ್ಲ. ಆ ಯೂನಿವರ್ಸಿಟಿ ಹುಟ್ಟಿದ್ದು ಹೇಗೆ, ಅದರ ಗುಣ ಏನು, ಯಾವುದರಲ್ಲಿ ಗಟ್ಟಿ, ಹೊಸಬರು ಎಲ್ಲಿ ಎಡವುತ್ತಾರೆ ಅಂತ ಗೊತ್ತಾದರೆ ನಿರ್ಧಾರ ಮಾಡಲು ಅನುಕೂಲ.

ಹ್ಯಾಲಿಫ್ಯಾಕ್ಸ್‌ನಿಂದ

ಸರ್, ಮೊದಲು ಆ ದ್ವೀಪದ ಚರಿತ್ರೆ ತಿಳಿದುಕೊಳ್ಳಿ. ಅದು ಗೊತ್ತಾದರೆ ಕೋರ್ಸುಗಳ ಪಟ್ಟಿ ತಾನೇ ಅರ್ಥವಾಗುತ್ತದೆ.

ಕೇಪ್ ಬ್ರೆಟನ್ ಕಲ್ಲಿದ್ದಲು ಮತ್ತು ಉಕ್ಕಿನ ದ್ವೀಪ. ಗ್ಲೇಸ್ ಬೇ, ನ್ಯೂ ವಾಟರ್‌ಫರ್ಡ್, ಸಿಡ್ನಿ ಮೈನ್ಸ್ ಊರುಗಳ ಗಣಿಗಳು ಸಮುದ್ರದ ತಳದಡಿಗೂ ಚಾಚಿದ್ದವು. ಸಿಡ್ನಿಯ ವಿಟ್ನಿ ಪಿಯರ್ ಭಾಗದಲ್ಲಿ 1900ರ ಆಸುಪಾಸಿಗೆ ಉಕ್ಕಿನ ಕಾರ್ಖಾನೆ ಎದ್ದಿತು. ಬಾರ್ಬಡೋಸ್, ಉಕ್ರೇನ್, ಪೋಲೆಂಡ್, ಇಟಲಿಯಿಂದ ಬಂದ ಕೆಲಸಗಾರರು ಅಲ್ಲೇ ನೆಲೆಯೂರಿದರು. ಇಷ್ಟೊಂದು ಜನ ದುಡಿಯುವ ಊರಿನಲ್ಲಿ ಬಹುಕಾಲ ಕಾಲೇಜೇ ಇರಲಿಲ್ಲ. ಓದಬೇಕಾದರೆ ನೀರು ದಾಟಿ ಆಂಟಿಗೊನಿಷ್ ಊರಿನ ಸೇಂಟ್ ಫ್ರಾನ್ಸಿಸ್ ಜೇವಿಯರ್ ಯೂನಿವರ್ಸಿಟಿಗೋ ಪ್ರಾಂತ್ಯದ ರಾಜಧಾನಿ ಹ್ಯಾಲಿಫ್ಯಾಕ್ಸ್‌ಗೋ ಹೋಗಬೇಕಿತ್ತು. ದ್ವೀಪವನ್ನು ಮುಖ್ಯ ನೆಲಕ್ಕೆ ಸೇರಿಸುವ ಕ್ಯಾನ್ಸೊ ಕಾಸ್‌ವೇ ತೆರೆದದ್ದೇ 1955ರಲ್ಲಿ. ಗಣಿ ಕಾರ್ಮಿಕರ ಮಕ್ಕಳಲ್ಲಿ ಎಷ್ಟು ಮಂದಿಗೆ ಆ ಖರ್ಚು ನಿಭಾಯಿಸಲು ಆಗುತ್ತಿತ್ತು ಯೋಚಿಸಿ.

1951ರಲ್ಲಿ ಅದೇ ಜೇವಿಯರ್ ಯೂನಿವರ್ಸಿಟಿ ಸಿಡ್ನಿಯಲ್ಲಿ ಒಂದು ಜೂನಿಯರ್ ಕಾಲೇಜು ತೆರೆಯಿತು. ಮೊದಲ ವರ್ಷಗಳ ಓದು ಮನೆಯಿಂದಲೇ, ಆಮೇಲೆ ಆಂಟಿಗೊನಿಷ್. ಜನ ಅದನ್ನು 'ಲಿಟಲ್ ಎಕ್ಸ್' ಎನ್ನುತ್ತಿದ್ದರು. 1967ರ ಅಕ್ಟೋಬರ್ 13ರಂದು ಉಕ್ಕಿನ ಕಾರ್ಖಾನೆಯ ಮಾಲೀಕರು ಬೀಗ ಹಾಕುವುದಾಗಿ ಪ್ರಕಟಿಸಿದರು. ಊರಿನವರು ಇಂದಿಗೂ ಅದನ್ನು ಕರಾಳ ಶುಕ್ರವಾರ ಎಂದೇ ನೆನೆಯುತ್ತಾರೆ. ಪ್ರಾಂತ್ಯ ಸರ್ಕಾರ ಕಾರ್ಖಾನೆಯನ್ನು ಕೈಗೆತ್ತಿಕೊಂಡಿತು. ಗಣಿಗಳ ಹೊಣೆ ಹೊರಲು ಅದೇ ವರ್ಷ ಒಕ್ಕೂಟ ಸರ್ಕಾರ ಒಂದು ನಿಗಮ ಮಾಡಿತ್ತು. 1968ರಲ್ಲಿ ಸಿಡ್ನಿಗೆ ತಾಂತ್ರಿಕ ಶಿಕ್ಷಣದ ಸಂಸ್ಥೆಯೂ ಬಂತು. 1974ರಲ್ಲಿ ಅದನ್ನೂ ಜೂನಿಯರ್ ಕಾಲೇಜನ್ನೂ ಒಂದು ಮಾಡಿದಾಗ ಹುಟ್ಟಿದ್ದು ಕಾಲೇಜ್ ಆಫ್ ಕೇಪ್ ಬ್ರೆಟನ್. 1982ರಲ್ಲಿ ಸ್ವಂತ ಪದವಿ ಕೊಡುವ ಅಧಿಕಾರದೊಂದಿಗೆ ಅದು ಯೂನಿವರ್ಸಿಟಿ ಕಾಲೇಜಾಯಿತು. ಈಗಿನ ಹೆಸರು 2005ರದ್ದು.

ಸಾಹಿತ್ಯ, ಚರಿತ್ರೆ ಕಲಿಸುವವರೂ ತಾಂತ್ರಿಕ ವಿಷಯ ಕಲಿಸುವವರೂ ಒಂದೇ ಸೂರಿನಡಿ ಸೇರಿದ್ದು ಕೆನಡಾದಲ್ಲಿ ಅಪರೂಪ. ಇಂದಿಗೂ ಅಲ್ಲಿ ಎಂಜಿನಿಯರಿಂಗ್ ಟೆಕ್ನಾಲಜಿ ಪದವಿ ಉಳಿದಿರುವುದು ಆ ಬೇರಿನಿಂದಲೇ. ಉಕ್ಕು, ಕಲ್ಲಿದ್ದಲು ಎರಡೂ 2001ರ ಹೊತ್ತಿಗೆ ನಿಂತವು. ಆಮೇಲೆ ಊರನ್ನು ಹಿಡಿದು ನಿಲ್ಲಿಸಿದವುಗಳಲ್ಲಿ ಈ ಯೂನಿವರ್ಸಿಟಿ ಮುಖ್ಯ. ಇಂಥ ಸಂಸ್ಥೆಯನ್ನು ಟೊರೊಂಟೊ, ಮೆಗಿಲ್ ಯೂನಿವರ್ಸಿಟಿಗಳ ಜೊತೆ ರ‍್ಯಾಂಕಿಂಗ್ ಪಟ್ಟಿಯಲ್ಲಿ ಇಟ್ಟು ನೋಡಿದರೆ ಏನೂ ತಿಳಿಯುವುದಿಲ್ಲ.

ಸಿಡ್ನಿಯಿಂದ

ಹ್ಯಾಲಿಫ್ಯಾಕ್ಸ್‌ನವರ ಮಾತಿಗೆ ಎರಡು ಸೇರಿಸುತ್ತೇನೆ.

ಒಂದು, ಬೀಟನ್ ಇನ್‌ಸ್ಟಿಟ್ಯೂಟ್. ಸಿಸ್ಟರ್ ಮಾರ್ಗರೆಟ್ ಬೀಟನ್ ಎಂಬ ಗ್ರಂಥಪಾಲಕಿ 1957ರಲ್ಲಿ ದ್ವೀಪಕ್ಕೆ ಸಂಬಂಧಿಸಿದ ಕಾಗದಪತ್ರಗಳನ್ನು ಕೂಡಿಡಲು ಶುರು ಮಾಡಿದರು. ಗಣಿ ಸಂಘಗಳ ದಾಖಲೆ, ಕಾರ್ಖಾನೆಯ ಫೋಟೋ, ಗೇಲಿಕ್ ಹಾಡು ಮತ್ತು ಕಥೆಗಳ ಧ್ವನಿಮುದ್ರಣ, ಎಲ್ಲವೂ ಕ್ಯಾಂಪಸ್ಸಿನಲ್ಲೇ ಇವೆ. ಚರಿತ್ರೆ, ಜಾನಪದ, ಕಾರ್ಮಿಕ ವಿಷಯ ಓದುವವರಿಗೆ ಇದು ದೊಡ್ಡ ಭಾಗ್ಯ. ದೊಡ್ಡ ಯೂನಿವರ್ಸಿಟಿಗಳಲ್ಲಿ ಮೂಲ ದಾಖಲೆ ಮುಟ್ಟುವುದು ಸಂಶೋಧನೆಯ ಮಟ್ಟಕ್ಕೆ ಹೋದ ಮೇಲೆ. ಇಲ್ಲಿ ಬಿ.ಎ. ಹುಡುಗರೂ ಮುಟ್ಟುತ್ತಾರೆ.

ಇನ್ನೊಂದು, ಮಿಗ್ಮಾ ಜನರ ಜೊತೆಗಿನ ನಂಟು. ಈ ನೆಲದ ಮೂಲನಿವಾಸಿಗಳು ಅವರು, ದ್ವೀಪಕ್ಕೆ ಅವರ ಹೆಸರು ಉನಮಾಗಿ. ಮೆಂಬರ್ಟು ಎಂಬ ಅವರ ಊರು ಸಿಡ್ನಿಗೆ ಅಂಟಿಕೊಂಡೇ ಇದೆ, ಎಸ್ಕಸೋನಿ ಬ್ರಾ ಡೋರ್ ಸರೋವರದ ದಂಡೆಯಲ್ಲಿ. ಯೂನಿವರ್ಸಿಟಿಯೊಳಗೇ ಉನಮಾಗಿ ಕಾಲೇಜ್ ಇದೆ. ಎಸ್ಕಸೋನಿಯ ಹಿರಿಯರಾದ ಆಲ್ಬರ್ಟ್ ಮಾರ್ಷಲ್, ಮರ್ಡೀನಾ ಮಾರ್ಷಲ್ ದಂಪತಿ ಮತ್ತು ಇಲ್ಲಿನ ಜೀವಶಾಸ್ತ್ರದ ಪ್ರಾಧ್ಯಾಪಕಿ ಶೆರಿಲ್ ಬಾರ್ಟ್ಲೆಟ್ ಸೇರಿ ವಿಜ್ಞಾನ ಕಲಿಸುವ ಬೇರೆಯೇ ಕ್ರಮ ಕಟ್ಟಿದರು. ಒಂದು ಕಣ್ಣಿನಲ್ಲಿ ಮೂಲನಿವಾಸಿಗಳ ತಿಳಿವು, ಇನ್ನೊಂದರಲ್ಲಿ ಪಾಶ್ಚಾತ್ಯ ವಿಜ್ಞಾನ. ಎರಡೂ ಕಣ್ಣು ತೆರೆದು ನೋಡಬೇಕು ಎಂಬುದು ಅದರ ತತ್ವ. 'ಎಟುಆಪ್ಟುಮುಂಕ್' ಎಂಬ ಈ ವಿಚಾರ ಇಂದು ಕೆನಡಾದ ಮೀನುಗಾರಿಕೆ, ಅರಣ್ಯ, ಆರೋಗ್ಯ ಸಂಶೋಧನೆಗಳಲ್ಲೆಲ್ಲ ಬಳಕೆಯಲ್ಲಿದೆ. ಅದು ಬೆಳೆದದ್ದು ಈ ಪುಟ್ಟ ಕ್ಯಾಂಪಸ್ಸಿನಲ್ಲಿ ಅನ್ನುವುದು ಬಹಳ ಮಂದಿಗೆ ಗೊತ್ತಿಲ್ಲ. ನನ್ನ ಲೆಕ್ಕದಲ್ಲಿ ಈ ಯೂನಿವರ್ಸಿಟಿ ಜಗತ್ತಿಗೆ ಕೊಟ್ಟ ಅತಿ ದೊಡ್ಡ ಕೊಡುಗೆ ಇದೇ.

ನಾಟಕದ ಬೋರ್ಡ್‌ಮೋರ್ ರಂಗಮಂದಿರ ಇದೆ. ಫುಟ್‌ಬಾಲ್ ಇದೆ, ಹೆಣ್ಣುಮಕ್ಕಳ ತಂಡ 2007ರಲ್ಲಿ, ಗಂಡುಮಕ್ಕಳದ್ದು 2017ರಲ್ಲಿ ದೇಶಕ್ಕೇ ಮೊದಲು ಬಂತು. ಡಾಲ್‌ಹೌಸಿ ಯೂನಿವರ್ಸಿಟಿಯ ವೈದ್ಯಕೀಯ ಶಾಖೆ 2025ರಲ್ಲಿ ಇದೇ ಆವರಣದಲ್ಲಿ 30 ವಿದ್ಯಾರ್ಥಿಗಳೊಂದಿಗೆ ಶುರುವಾಗಿದೆ.

ಹಾಸನದಿಂದ

ತುಂಬಾ ಉಪಕಾರ. ಎಂಬಿಎ ಹೆಸರಿನ ಜೊತೆ 'ಕಮ್ಯುನಿಟಿ ಎಕನಾಮಿಕ್ ಡೆವಲಪ್‌ಮೆಂಟ್' ಅಂತಿದೆ. ಅದು ಮಾಮೂಲಿ ಎಂಬಿಎ ಅಲ್ಲವೇ? ಡಿಪ್ಲೊಮಾ ಸಾಕು, ಕೆಲಸ ಸಿಗುತ್ತೆ ಅಂತ ಏಜೆಂಟ್ ಹೇಳ್ತಾರೆ.

ಹ್ಯಾಲಿಫ್ಯಾಕ್ಸ್‌ನಿಂದ

ಹೆಸರಿನ ಆ ಭಾಗವೇ ಮುಖ್ಯ ಸರ್. 1920ರ ದಶಕದಲ್ಲಿ ಜಿಮ್ಮಿ ಟಾಂಪ್ಕಿನ್ಸ್, ಮೋಸೆಸ್ ಕೋಡಿ ಎಂಬ ಪಾದ್ರಿಗಳು ಈ ಸೀಮೆಯ ಮೀನುಗಾರರು, ರೈತರು, ಗಣಿ ಕೆಲಸಗಾರರನ್ನು ರಾತ್ರಿ ಓದುಕೂಟಗಳಲ್ಲಿ ಕೂಡಿಸಿದರು. ಐದಾರು ಮಂದಿ ಅಡುಗೆಮನೆಯಲ್ಲಿ ಕೂತು ಲೆಕ್ಕ, ಅರ್ಥಶಾಸ್ತ್ರ ಓದುವುದು. ಆಮೇಲೆ ತಾವೇ ಅಂಗಡಿ, ಮೀನು ಸಂಸ್ಕರಣೆ ಘಟಕ, ಸಾಲದ ಸಂಘ ಕಟ್ಟುವುದು. ಇದೇ ಆಂಟಿಗೊನಿಷ್ ಚಳವಳಿ. ಕ್ಯಾಂಪಸ್ಸಿನ ನೆರೆಯಲ್ಲೇ ಇರುವ ರಿಸರ್ವ್ ಮೈನ್ಸ್‌ನಲ್ಲಿ ಗಣಿ ಕಾರ್ಮಿಕರು 1938ರಲ್ಲಿ ಸಹಕಾರಿ ಪದ್ಧತಿಯಲ್ಲಿ ತಾವೇ 11 ಮನೆ ಕಟ್ಟಿಕೊಂಡು ಆ ಬೀದಿಗೆ ಟಾಂಪ್ಕಿನ್ಸ್‌ವಿಲ್ ಎಂದು ಹೆಸರಿಟ್ಟರು.

ಈ ಎಂಬಿಎ ಆ ಪರಂಪರೆಯದ್ದು. ಲೆಕ್ಕಪತ್ರ, ಹಣಕಾಸು, ಮಾರ್ಕೆಟಿಂಗ್ ಎಲ್ಲ ಇರುತ್ತದೆ. ಆದರೆ ಉದಾಹರಣೆಗಳು ಸಹಕಾರ ಸಂಘ, ಮೂಲನಿವಾಸಿಗಳ ಉದ್ಯಮ, ಉದ್ಯೋಗ ಕಳೆದುಕೊಂಡ ಸಣ್ಣ ಊರುಗಳ ಕಡೆ ವಾಲುತ್ತವೆ. ಇನ್ವೆಸ್ಟ್‌ಮೆಂಟ್ ಬ್ಯಾಂಕಿಂಗ್ ಕನಸಿದ್ದರೆ ಇದು ಸರಿಯಾದ ಜಾಗ ಅಲ್ಲ. ಸಹಕಾರ, ಗ್ರಾಮೀಣ ಹಣಕಾಸು, ಎನ್‌ಜಿಒ ಕಡೆ ಒಲವಿದ್ದರೆ ಕಣ್ಣುಮುಚ್ಚಿ ಅರ್ಜಿ ಹಾಕಿ. ಹಾಸನದ ಹಾಲು ಒಕ್ಕೂಟ ನಿಮ್ಮ ಮನೆ ಬಾಗಿಲಲ್ಲೇ ಇದೆ. ಹಳ್ಳಿಯ ಡೇರಿಯಲ್ಲಿ ಲೀಟರಿಗೆ ದರ ಹೇಗೆ ಕಟ್ಟುತ್ತಾರೆ, ಫ್ಯಾಟ್ ಅಳತೆ ದರದ ಮೇಲೆ ಹೇಗೆ ಕೆಲಸ ಮಾಡುತ್ತದೆ, ಬೋನಸ್ ಹೇಗೆ ಹಂಚುತ್ತಾರೆ ಎಂದು ವಿಚಾರಿಸಿ ಮಗಳು ತನ್ನ ಉದ್ದೇಶಪತ್ರದಲ್ಲಿ ಬರೆದರೆ, ಬಾಯಿಪಾಠದ ಹತ್ತು ವಾಕ್ಯಕ್ಕಿಂತ ತೂಕ ಹೆಚ್ಚು. 3 ವರ್ಷದ ಬಿ.ಕಾಂ. ಎಂಬಿಎಗೆ ಸಾಕೇ ಎಂಬುದನ್ನು ಮಾತ್ರ ಪ್ರವೇಶ ವಿಭಾಗದಿಂದಲೇ ಇಮೇಲಿನಲ್ಲಿ ಕೇಳಿ ಉತ್ತರ ಇಟ್ಟುಕೊಳ್ಳಿ.

ಮೈಸೂರಿನಿಂದ

ಡಿಪ್ಲೊಮಾ ಸಾಕು ಅನ್ನುವ ಮಾತು 2024ಕ್ಕೆ ಮುಂಚಿನದ್ದು. ಈಗ ಅದನ್ನು ನಂಬಿ ದುಡ್ಡು ಕಟ್ಟಿದರೆ ಕಷ್ಟ.

ಓದಿನ ನಂತರ ಕೆಲಸ ಮಾಡಲು ಕೊಡುವ ಪರ್ಮಿಟ್ಟಿಗೆ 2024ರ ನವೆಂಬರ್ 1ರಿಂದ ನಿಯಮ ಬದಲಾಗಿದೆ. ಆ ದಿನದಿಂದ ಈಚೆಗೆ ಸ್ಟಡಿ ಪರ್ಮಿಟ್‌ಗೆ ಅರ್ಜಿ ಹಾಕಿದವರಲ್ಲಿ ಬ್ಯಾಚುಲರ್ಸ್, ಮಾಸ್ಟರ್ಸ್, ಡಾಕ್ಟರೇಟ್ ಪದವಿ ಪಡೆದವರಿಗೆ ವಿಷಯದ ಕಟ್ಟುಪಾಡು ಇಲ್ಲ. ಬೇರೆ ಕೋರ್ಸಾದರೆ, ಯೂನಿವರ್ಸಿಟಿಯದ್ದೇ ಆಗಿದ್ದರೂ, ಸರ್ಕಾರ ಪ್ರಕಟಿಸಿದ ವಿಷಯಗಳ ಪಟ್ಟಿಯಲ್ಲಿ ಇರಲೇಬೇಕು. ಪೋಸ್ಟ್ ಬ್ಯಾಕ್ ಡಿಪ್ಲೊಮಾ ಈ ಎರಡನೇ ಗುಂಪಿನದು. ಸಾಮಾನ್ಯ ಬಿಸಿನೆಸ್ ಮ್ಯಾನೇಜ್‌ಮೆಂಟ್ ಆ ಪಟ್ಟಿಯಲ್ಲಿಲ್ಲ. ಎಂದರೆ ಆ ಡಿಪ್ಲೊಮಾ ಮುಗಿಸಿದವರಿಗೆ ಈ ಪರ್ಮಿಟ್ ಸಿಗುವುದಿಲ್ಲ. ಬೇರೆ ಡಿಪ್ಲೊಮಾ ನೋಡುವುದಾದರೆ ಅದರ ಆರಂಕಿಯ ಸಿಐಪಿ ಸಂಖ್ಯೆಯನ್ನು (ಕೋರ್ಸಿನ ವಿಷಯ ಗುರುತಿಸುವ ಸಂಕೇತ) ಯೂನಿವರ್ಸಿಟಿಯಿಂದ ಕೇಳಿ ಪಡೆದು ಸರ್ಕಾರದ ಪಟ್ಟಿಯಲ್ಲಿ ನೀವೇ ಹುಡುಕಿ. ಕೋರ್ಸಿನ ಹೆಸರು ನೋಡಿ ಊಹೆ ಮಾಡಬೇಡಿ.

ಎಂಬಿಎ ಆದರೆ, 8 ತಿಂಗಳಿಗೆ ಮೇಲ್ಪಟ್ಟು ಎರಡು ವರ್ಷಕ್ಕಿಂತ ಕಡಿಮೆ ಇದ್ದರೂ 3 ವರ್ಷದ ಪರ್ಮಿಟ್‌ಗೆ ಅವಕಾಶ ಇದೆ. 2026ರ ಜನವರಿ 1ರಿಂದ ಸರ್ಕಾರಿ ಸಂಸ್ಥೆಗಳ ಮಾಸ್ಟರ್ಸ್ ವಿದ್ಯಾರ್ಥಿಗಳಿಗೆ ಸ್ಟಡಿ ಪರ್ಮಿಟ್ ಅರ್ಜಿಯ ಜೊತೆ ಪ್ರಾಂತ್ಯದ ದೃಢೀಕರಣ ಪತ್ರವೂ ಬೇಡ. ಡಿಪ್ಲೊಮಾಗೆ ಬೇಕು, ಆ ಪತ್ರಗಳ ಸಂಖ್ಯೆಗೆ ಮಿತಿಯೂ ಇದೆ.

ಇಲ್ಲಿ ಬಹಳ ಮಂದಿ ಎಡವುವುದು ಇಂಗ್ಲಿಷ್ ಪರೀಕ್ಷೆಯಾದ ಐಇಎಲ್‌ಟಿಎಸ್ ವಿಷಯದಲ್ಲಿ. ಪ್ರವೇಶಕ್ಕೆ ಬರೆಯುವುದು ಅಕಾಡೆಮಿಕ್ ಪರೀಕ್ಷೆ. ಓದಿನ ನಂತರದ ಪರ್ಮಿಟ್‌ಗೆ ಅದು ನಡೆಯುವುದಿಲ್ಲ, ಜನರಲ್ ಟ್ರೈನಿಂಗ್ ಬರೆಯಬೇಕು. ಯೂನಿವರ್ಸಿಟಿ ಪದವಿಯವರಿಗೆ ನಾಲ್ಕೂ ವಿಭಾಗದಲ್ಲಿ ತಲಾ 6 ಬೇಕು. ಫಲಿತಾಂಶಕ್ಕೆ ಎರಡು ವರ್ಷ ಮಾತ್ರ ಬೆಲೆ, ಹಾಗಾಗಿ ಕೊನೆಯ ಟರ್ಮಿನಲ್ಲಿ ಬರೆಯುವುದು ಸರಿ.

ದುಡ್ಡಿನ ವಿಚಾರ: ಜೀವನ ಖರ್ಚಿಗೆ ತೋರಿಸಬೇಕಾದ ಮೊತ್ತ 2025ರ ಸೆಪ್ಟೆಂಬರ್ 1ರಿಂದ ಒಬ್ಬರಿಗೆ 22,895 ಕೆನಡಿಯನ್ ಡಾಲರ್. ಮೊದಲ ವರ್ಷದ ಫೀಸು, ವಿಮಾನದ ಖರ್ಚು ಬೇರೆ. ಸ್ಟಡಿ ಪರ್ಮಿಟ್‌ಗೆ ಇದ್ದ ಹಳೆಯ ವೇಗದ ದಾರಿಯಾದ ಎಸ್‌ಡಿಎಸ್ 2024ರ ನವೆಂಬರ್ 8ಕ್ಕೆ ಮುಚ್ಚಿತು. ಏಜೆಂಟ್ ಇನ್ನೂ ಆ ಹೆಸರು ಎತ್ತಿದರೆ ಬೇರೆ ಏಜೆಂಟ್ ನೋಡಿ. ಟರ್ಮ್ ನಡೆಯುವಾಗ ಹೊರಗಿನ ಕೆಲಸಕ್ಕೆ ವಾರಕ್ಕೆ 24 ಗಂಟೆ ಮಿತಿ. ಆ ಸಂಬಳದಿಂದ ಫೀಸು ಕಟ್ಟುವ ಲೆಕ್ಕ ಬೇಡವೇ ಬೇಡ.

ಸಿಡ್ನಿಯಿಂದ

ಮನೆ ವಿಚಾರಕ್ಕೆ ಬರುತ್ತೇನೆ, ಹೊಸಬರಿಗೆ ಪೆಟ್ಟು ಬೀಳುವುದು ಇಲ್ಲೇ.

2010ರ ದಶಕದ ಕೊನೆಯಿಂದ ವಿದೇಶಿ ವಿದ್ಯಾರ್ಥಿಗಳ ಸಂಖ್ಯೆ ಒಮ್ಮೆಲೇ ಏರಿತು. ಅವರಲ್ಲಿ ಭಾರತದವರೇ ಹೆಚ್ಚು. ತರಗತಿಗೆ ಜಾಗ ಸಾಲದೆ ಊರಿನ ಸಿನಿಮಾ ಮಂದಿರದ ಪರದೆಯ ಮುಂದೆ ಪಾಠ ನಡೆಸುವಷ್ಟು ಏರಿತು. ಗಣಿ ಮುಚ್ಚಿದ ಮೇಲೆ ಜನ ಕರಗುತ್ತಾ ಬಂದಿದ್ದ ಊರಿನಲ್ಲಿ ಮನೆಗಳು ಹಳೆಯವು, ಬಹುತೇಕ ಮರದವು. 2022ರ ಡಿಸೆಂಬರಿನಲ್ಲಿ ಅಂಥ ಒಂದು ಮನೆಗೆ ಬೆಂಕಿ ಬಿದ್ದು ಭಾರತದ ಒಬ್ಬ ವಿದ್ಯಾರ್ಥಿ ಜೀವ ಕಳೆದುಕೊಂಡರು. ಈಗ ಸಂಖ್ಯೆ ತಗ್ಗಿದೆ, ಆದರೂ ನೋಡದೆ ಮನೆ ಹಿಡಿಯಬೇಡಿ. ಪ್ರತಿ ಮಹಡಿಯಲ್ಲೂ ಹೊಗೆ ಅಲಾರಂ ಇದೆಯೇ, ಗುಂಡಿ ಒತ್ತಿದರೆ ಕೂಗುತ್ತದೆಯೇ, ಮಲಗುವ ಕೋಣೆಯ ಕಿಟಕಿ ಪೂರ್ತಿ ತೆರೆದು ಮನುಷ್ಯ ಹೊರಬೀಳುವಷ್ಟಿದೆಯೇ ಎಂದು ವಿಡಿಯೋ ಕಾಲಿನಲ್ಲಾದರೂ ತೋರಿಸಲು ಹೇಳಿ. ಕಿಟಕಿಯೇ ಇಲ್ಲದ ನೆಲಮಾಳಿಗೆ ಕೋಣೆ ಎಷ್ಟೇ ಅಗ್ಗವಾಗಿದ್ದರೂ ಬೇಡ. ಮೊದಲ ವರ್ಷ ಹಾಸ್ಟೆಲ್ ಸಿಕ್ಕರೆ ಅದೇ ಒಳ್ಳೆಯದು.

ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಇಲ್ಲಿಲ್ಲ. ನೋವಾ ಸ್ಕೋಷಿಯಾ ಕಾನೂನಿನಲ್ಲಿ ಠೇವಣಿ ಅರ್ಧ ತಿಂಗಳ ಬಾಡಿಗೆಗಿಂತ ಹೆಚ್ಚು ಕೇಳುವಂತಿಲ್ಲ. ಮೂರು ತಿಂಗಳದ್ದು ಮುಂಗಡ ಕಳಿಸಿ ಎಂದವರನ್ನು ಅಲ್ಲಿಗೇ ಬಿಡಿ, ಅದು ಮೋಸ ಅಥವಾ ಕಾನೂನು ಬಾಹಿರ. ಕರಾರು ಪ್ರಾಂತ್ಯದ ನಿಗದಿತ ನಮೂನೆಯಲ್ಲೇ ಆಗಬೇಕು. ಬಾಡಿಗೆಯಲ್ಲಿ ಹೀಟು ಸೇರಿದೆಯೇ ಎಂದು ಕೇಳುವುದನ್ನು ಮರೆಯಬೇಡಿ. ಇಲ್ಲಿ ಅನೇಕ ಮನೆಗಳಿಗೆ ಎಣ್ಣೆಯ ಫರ್ನೇಸ್, ಚಳಿಗಾಲದಲ್ಲಿ ಟ್ಯಾಂಕ್ ತುಂಬಿಸುವ ಖರ್ಚು ಬಾಡಿಗೆಯ ಲೆಕ್ಕವನ್ನೇ ತಲೆಕೆಳಗು ಮಾಡುತ್ತದೆ.

ಕ್ಯಾಂಪಸ್ ಸಿಡ್ನಿ ಊರೊಳಗೆ ಇಲ್ಲ, ಗ್ಲೇಸ್ ಬೇ ಕಡೆಗೆ ಹೋಗುವ ಗ್ರ್ಯಾಂಡ್ ಲೇಕ್ ರಸ್ತೆಯಲ್ಲಿದೆ. ಬಸ್ಸಿದೆ, ಆದರೆ ರಾತ್ರಿ ಮತ್ತು ಭಾನುವಾರದ ವೇಳೆ ನೋಡಿಕೊಂಡೇ ಮನೆ ಆರಿಸಿ, ಕೆಲಸ ಒಪ್ಪಿಕೊಳ್ಳಿ. ಒಳಗೆ ಬಹುತೇಕ ಕಟ್ಟಡಗಳನ್ನು ಓಣಿಗಳು ಜೋಡಿಸುತ್ತವೆ, ಹಿಮ ಬಿದ್ದಾಗ ಇದು ವರ. ಹ್ಯಾಲಿಫ್ಯಾಕ್ಸ್ 400 ಕಿ.ಮೀ. ದೂರ. ರೈಲಿಲ್ಲ. ಚಳಿಗಾಲದಲ್ಲಿ ಹೆದ್ದಾರಿಯ ಕೆಲ್ಲೀಸ್ ಮೌಂಟನ್ ಏರು ಮಂಜುಗಟ್ಟುತ್ತದೆ, ವಿಮಾನಗಳೂ ರದ್ದಾಗುತ್ತವೆ. ಜನವರಿ ಟರ್ಮಿಗೆ ಬರುವುದಾದರೆ ತರಗತಿಗೆ ನಾಲ್ಕೈದು ದಿನ ಮುಂಚಿನ ಟಿಕೆಟ್ ಮಾಡಿಸಿ. 2022ರ ಸೆಪ್ಟೆಂಬರ್ 24ರ ಫಿಯೋನಾ ಚಂಡಮಾರುತದಲ್ಲಿ ಎಷ್ಟೋ ಮನೆಗಳಿಗೆ ದಿನಗಟ್ಟಲೆ ಕರೆಂಟಿರಲಿಲ್ಲ. ಟಾರ್ಚ್, ಪವರ್ ಬ್ಯಾಂಕ್, ಮೂರು ದಿನದ ನೀರು ಮತ್ತು ಬೇಯಿಸದೆ ತಿನ್ನುವಂಥದ್ದು ಮನೆಯಲ್ಲಿರಲಿ.

ಆರೋಗ್ಯ ವಿಮೆಯ ಒಂದು ಸೂಕ್ಷ್ಮ: ಪ್ರಾಂತ್ಯದ ಸರ್ಕಾರಿ ವಿಮೆಯಾದ ಎಂಎಸ್‌ಐ ಸೌಲಭ್ಯ ವಿದೇಶಿ ವಿದ್ಯಾರ್ಥಿಗಳಿಗೆ ಬಂದು 13ನೇ ತಿಂಗಳಿನಿಂದ. ಅಷ್ಟರೊಳಗೆ ಒಂದೇ ಸಲಕ್ಕೆ 31 ದಿನ ಮೀರಿ ಪ್ರಾಂತ್ಯದ ಹೊರಗಿದ್ದರೆ, ಓದಿನ ಕಾರಣ ಬಿಟ್ಟು, ಅದು ಕೈತಪ್ಪುತ್ತದೆ. ಮೊದಲ ಬೇಸಿಗೆ ರಜೆಗೆ ಮಗಳು ಹಾಸನಕ್ಕೆ ಬರುವುದಾದರೆ ಒಂದು ತಿಂಗಳೊಳಗೆ ವಾಪಸ್ ಕಳಿಸಿ. ಅಲ್ಲಿಯವರೆಗೆ ಯೂನಿವರ್ಸಿಟಿ ಫೀಸಿನ ಜೊತೆ ಬರುವ ವಿಮೆ ನಡೆಯುತ್ತದೆ. ಅದರಲ್ಲಿ ಹಲ್ಲು, ಕನ್ನಡಕಕ್ಕೆ ಎಷ್ಟಿದೆ ನೋಡಿಕೊಳ್ಳಿ.

ಮೈಸೂರಿನಿಂದ

ಹಣ ಕಟ್ಟುವ ಮುನ್ನ ಪ್ರವೇಶ ವಿಭಾಗಕ್ಕೆ ಮಗಳ ಇಮೇಲಿನಿಂದಲೇ ಬರೆಸಿ, ಏಜೆಂಟ್ ಮೂಲಕ ಬೇಡ. ಎಂಬಿಎ ತರಗತಿಗಳು ಸಿಡ್ನಿ ಕ್ಯಾಂಪಸ್ಸಿನಲ್ಲೇ ನಡೆಯುತ್ತವೆಯೇ, ಆನ್‌ಲೈನ್ ಪಾಲು ಎಷ್ಟು, ಒಂದು ಟರ್ಮಿಗೆ ಎಷ್ಟು ಕ್ರೆಡಿಟ್, ಪೂರ್ಣಾವಧಿ ಎನ್ನಿಸಿಕೊಳ್ಳಲು ಕನಿಷ್ಠ ಎಷ್ಟು, ಸ್ಟಡಿ ಪರ್ಮಿಟ್ ತಿರಸ್ಕೃತವಾದರೆ ಠೇವಣಿಯಲ್ಲಿ ಎಷ್ಟು ಹಿಡಿದುಕೊಂಡು ಎಷ್ಟು ದಿನದಲ್ಲಿ ಮರಳಿಸುತ್ತಾರೆ. ಉತ್ತರ ಬಂದ ಮೇಲೆ ಇಲ್ಲಿ ಹಾಕಿ, ಓದಿ ನೋಡಿ ಹೇಳುತ್ತೇವೆ.